ಫೋಟೊ ನೋಡಿ ಕೊಡುವ ಕಾಣಿಕೆ

ಬಡ ಮಗುವೊಂದನ್ನು ಫೋಟೊ, ಹೆಸರು, ವಯಸ್ಸು ನೋಡಿ ಆರಿಸಿಕೊಂಡು, ಅದರ ಓದು-ಊಟದ ಲೆಕ್ಕಕ್ಕೆ ತಿಂಗಳಿಗಿಷ್ಟು ಎಂದು ಹಣ ಕಳಿಸುತ್ತ ಹೋಗುವ ಪದ್ಧತಿಗೆ ಮಕ್ಕಳ ಪ್ರಾಯೋಜಕತ್ವ ಎಂದು ಹೆಸರು. ಚರ್ಚಿನ ಬೋರ್ಡಿಂಗುಗಳಲ್ಲಿ ಇದಕ್ಕೆ ಬಳಕೆಯಲ್ಲಿರುವ ಮಾತು ‘ಸ್ಪಾನ್ಸರ್’. ಇಂಥ ಹುಡುಗನಿಗೆ ಸ್ಪಾನ್ಸರ್ ಬಂತು, ಇಂಥ ಹುಡುಗಿಯ ಸ್ಪಾನ್ಸರ್ ನಿಂತುಹೋಯಿತು ಎನ್ನುತ್ತಾರೆ. ಹಣ ಕಳಿಸುವವರು ಹೆಚ್ಚಾಗಿ ಅಮೆರಿಕ, ಜರ್ಮನಿ, ಬ್ರಿಟನ್, ಆಸ್ಟ್ರೇಲಿಯಗಳ ಕ್ರೈಸ್ತ ಕುಟುಂಬಗಳವರು. ಯೇಸುವಿನ ಹೆಸರಿನಲ್ಲಿ ಮಾಡಬಹುದಾದ ದಾನಗಳಲ್ಲೆಲ್ಲ ಇದು ಶುದ್ಧವಾದದ್ದು, ಇಲ್ಲಿ ಕೊಡುವವರಿಗೂ ಪಡೆಯುವವರಿಗೂ ನಡುವೆ ಒಂದು ನಂಟು ಬೆಳೆಯುತ್ತದೆ, ಹುಂಡಿಗೆ ಹಾಕಿದ ಕಾಸಿಗೆ ಈ ಗುಣವಿಲ್ಲ ಎಂಬ ನಂಬಿಕೆ ಕೊಡುವ ದೇಶಗಳಲ್ಲೂ ಪಡೆಯುವ ಸಭೆಗಳಲ್ಲೂ ಬೇರೂರಿದೆ. ಆ ನಂಬಿಕೆ ತಪ್ಪು. ಬಡ ಮಗುವಿಗೆ ನೆರವು ಬೇಕು ಎಂಬುದರಲ್ಲಿ ತಕರಾರಿಲ್ಲ. ಆ ನೆರವನ್ನು ಒಬ್ಬ ದಾನಿಗೂ ಒಂದು ಮಗುವಿಗೂ ಗಂಟು ಹಾಕಿದ್ದರಿಂದ ದಾನಿಗೆ ದಕ್ಕುವುದು ಬಹಳ, ಮಗುವಿಗೆ ದಕ್ಕುವುದು ಸ್ವಲ್ಪ, ಮಗು ಹುಟ್ಟಿದ ಊರಿಗೆ ದಕ್ಕುವುದು ಬಹುಮಟ್ಟಿಗೆ ಏನೂ ಇಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಬಡತನ ಎಂಥದು ಎಂದು ವಿಚಾರಿಸಿದವರಿಗೆ ಇದು ಬೇಗ ತಿಳಿಯುತ್ತದೆ.

ಈ ಪದ್ಧತಿ ಅಪೊಸ್ತಲರ ಕಾಲದಿಂದ ಬಂದದ್ದೇನಲ್ಲ. 19ನೇ ಶತಮಾನದ ಆರಂಭದಲ್ಲಿ ಸಿಯೆರಾ ಲಿಯೋನ್‌ನಲ್ಲಿ ಗುಲಾಮರ ಹಡಗುಗಳಿಂದ ಬಿಡುಗಡೆಯಾಗಿ ಬಂದ ಮಕ್ಕಳ ವಿಷಯದಲ್ಲಿ ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿ ಒಂದು ಏರ್ಪಾಟು ಮಾಡಿತ್ತು: ವರ್ಷಕ್ಕೆ 5 ಪೌಂಡ್ ಕೊಟ್ಟವರು ಒಂದು ಮಗುವಿಗೆ ತಮ್ಮಿಷ್ಟದ ಹೆಸರಿಡಬಹುದು. ಕೊಟ್ಟ ಹಣಕ್ಕೆ ಮಗುವಿನ ಹೆಸರೇ ರಸೀದಿ. ಇಂದಿನ ರೂಪ ಬಂದದ್ದು 20ನೇ ಶತಮಾನದ ಯುದ್ಧಗಳಲ್ಲಿ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದ ಮಕ್ಕಳಿಗೆಂದು ‘ಫಾಸ್ಟರ್ ಪೇರೆಂಟ್ಸ್ ಪ್ಲ್ಯಾನ್’ ಶುರುವಾಯಿತು. 1938ರಲ್ಲಿ ಚೀನದ ಅನಾಥರಿಗೆಂದು ಅಮೆರಿಕದ ಪ್ರೆಸ್‌ಬಿಟೇರಿಯನ್ ಪಾದ್ರಿಯೊಬ್ಬರು ನಿಧಿ ತೆರೆದರು. 1950ರಲ್ಲಿ ಬಾಬ್ ಪಿಯರ್ಸ್ ವರ್ಲ್ಡ್ ವಿಷನ್ ಕಟ್ಟಿದರು, 1952ರಲ್ಲಿ ಎವರೆಟ್ ಸ್ವಾನ್ಸನ್ ಕೊರಿಯಾದ ಅನಾಥರಿಗಾಗಿ ಕಂಪ್ಯಾಶನ್ ಸಂಸ್ಥೆ ಆರಂಭಿಸಿದರು. ಜರ್ಮನಿಯ ಡೂಯಿಸ್‌ಬರ್ಗಿನಲ್ಲಿ 1959ರಲ್ಲಿ ಹುಟ್ಟಿದ ಕಿಂಡರ್‌ನೋಟ್‌ಹಿಲ್ಫೆಯ ಕಣ್ಣು ಮೊದಲಿನಿಂದಲೇ ಭಾರತದ ಮಕ್ಕಳ ಮೇಲಿತ್ತು. ಈ ಸಂಸ್ಥೆಗಳ ಪೈಕಿ ಬಹುತೇಕವು ಯುದ್ಧದಲ್ಲಿ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ ರೂಪುಗೊಂಡವು. ಊರಿಲ್ಲದ, ಮನೆಯಿಲ್ಲದ, ಕೇಳುವವರಿಲ್ಲದ ಮಗುವಿಗೆ ದೂರದಲ್ಲೊಬ್ಬ ಪೋಷಕ ಎಂಬ ಯೋಚನೆಗೆ ಅಲ್ಲಿ ಅರ್ಥವಿತ್ತು. ಯುದ್ಧ ಮುಗಿಯಿತು, ಪದ್ಧತಿ ಮುಗಿಯಲಿಲ್ಲ. ಅನಾಥರಿಗೆ ಹೊಲಿದ ಅಂಗಿಯನ್ನು ಅಪ್ಪ-ಅವ್ವ ಬದುಕಿರುವ ಮಕ್ಕಳಿಗೂ ತೊಡಿಸಲಾಯಿತು. ದುಡಿದೂ ಮನೆ ತುಂಬದ ತಾಯಿ, ಮಳೆ ಕೈಕೊಟ್ಟ ತಂದೆ, ಇಬ್ಬರೂ ಆ ಫೋಟೊದ ಚೌಕಟ್ಟಿನಿಂದ ಆಚೆಯೇ ಉಳಿದರು.

ಉತ್ತರ ಕರ್ನಾಟಕಕ್ಕೆ ಈ ಕಥೆಯ ಇನ್ನೊಂದು ಮುಖವೂ ಗೊತ್ತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಇಂದಿನ ಹಾವೇರಿ ಜಿಲ್ಲೆಯ ನೆಲ 1997ರ ಆಗಸ್ಟ್ 24ರವರೆಗೂ ಧಾರವಾಡ ಜಿಲ್ಲೆಯಲ್ಲೇ ಇದ್ದದ್ದರಿಂದ ಇಲ್ಲಿಯ ಪ್ರೊಟೆಸ್ಟಂಟ್ ಕುಟುಂಬಗಳ ನೆನಪು ಆ ಠಾಣೆಗಳ ಕಡೆಗೇ ಹೋಗುತ್ತದೆ. 1876-78ರ ಬರದ ನಂತರ ಮಿಷನ್ನಿನ ಅನಾಥಾಲಯಗಳು ತುಂಬಿದವು. ಈ ಎಲ್ಲ ಕೆಲಸಕ್ಕೆ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯಿಂದ ಹಣ ಬರುತ್ತಿದ್ದ ದಾರಿಗಳಲ್ಲಿ ಒಂದು ಗಮನಿಸುವಂಥದು. 1855ರಲ್ಲಿ ಬಾಸೆಲ್ ನಗರದ ಕಾರ್ಲ್ ಸರಾಸಿನ್ ‘ಅರ್ಧ ಬಾಟ್ಸೆನ್ ಸಂಗ್ರಹ’ ಎಂಬ ವ್ಯವಸ್ಥೆ ಆರಂಭಿಸಿದರು. ವಾರಕ್ಕೆ ಒಂದು ಚಿಲ್ಲರೆ ನಾಣ್ಯ, ಅಷ್ಟೇ. ಮನೆಗೆಲಸದವರು, ರೈತರು, ಕೈಕಸುಬಿನವರು ಕೊಟ್ಟ ಆ ಚಿಲ್ಲರೆಯನ್ನು ಬೀದಿಬೀದಿ ತಿರುಗಿ ಒಟ್ಟುಮಾಡುತ್ತಿದ್ದರು. ನಾಣ್ಯ ಕೊಟ್ಟ ಅಡುಗೆಯಾಕೆಗೆ ಬೆಟಗೇರಿಯ ಯಾವ ಮಗುವಿನ ಫೋಟೊವೂ ಸಿಗುತ್ತಿರಲಿಲ್ಲ. ಆದರೂ ಅದು ಮಿಷನ್ನಿನ ಪ್ರಮುಖ ಆದಾಯಮೂಲಗಳಲ್ಲೊಂದಾಗಿ ಬೆಳೆಯಿತು. ಮುಖ ಕಾಣದಿದ್ದರೆ ಭಕ್ತರು ಕೊಡುವುದಿಲ್ಲ ಎನ್ನುವವರು ಈ ಲೆಕ್ಕಪುಸ್ತಕ ನೋಡಿಲ್ಲ. ಭಾರತದಲ್ಲೇ ಬೇಕೆಂದರೆ ಮಿಜೋರಾಂ ಇದೆ. ಅಲ್ಲಿಯ ಪ್ರೆಸ್‌ಬಿಟೇರಿಯನ್ ಹೆಂಗಸರು 1910ರಲ್ಲಿ ಶುರುಮಾಡಿದ ಹಿಡಿ ಅಕ್ಕಿಯ ಕಾಣಿಕೆ ಇಂದಿಗೂ ನಡೆದಿದೆ, ಕೋಟಿಗಳಲ್ಲಿ ಎಣಿಸುವಷ್ಟು ಬೆಳೆದಿದೆ. ಹಿಡಿ ಅಕ್ಕಿ ಯಾರ ತಟ್ಟೆ ಸೇರಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಹಾವೇರಿ ಜಿಲ್ಲೆಯ ಮಗು ಬಡವಾಗುವುದು ಹೇಗೆ ಎಂಬ ಪ್ರಶ್ನೆ. 2011ರ ಜನಗಣತಿಯ ಪ್ರಕಾರ ಸುಮಾರು 16 ಲಕ್ಷ ಜನರಿರುವ ಈ ಜಿಲ್ಲೆಯಲ್ಲಿ ಕ್ರೈಸ್ತರು ಶೇಕಡ ಒಂದಕ್ಕಿಂತಲೂ ಕಡಿಮೆ. ಬದುಕು ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ, ಬೀಜೋತ್ಪಾದನೆಗಳ ಮೇಲೆ ನಿಂತಿದೆ. ರಾಣೆಬೆನ್ನೂರು ಬೀಜದ ಊರು. ಸುತ್ತಲಿನ ಹೊಲಗಳಲ್ಲಿ ಹೈಬ್ರಿಡ್ ಹತ್ತಿ, ತರಕಾರಿ ಬೀಜ ತಯಾರಾಗುತ್ತವೆ. ಇದಕ್ಕೆ ಬೇಕಾದ ಕೆಲಸವನ್ನು ಅಲ್ಲಿಯವರು ‘ಕ್ರಾಸಿಂಗ್’ ಎನ್ನುತ್ತಾರೆ. ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಸಂಜೆಯೇ ಹುಡುಕಿ, ಉಗುರಿನಿಂದ ಎಸಳು ಬಿಡಿಸಿ, ಒಳಗಿನ ಗಂಡು ಭಾಗವನ್ನು ಹೆಣ್ಣು ಕೊಳವೆಗೆ ಗಾಯವಾಗದಂತೆ ತೆಗೆದು, ಗುರುತಿಗೊಂದು ಬಣ್ಣದ ಚೀಟಿ ಸಿಕ್ಕಿಸಬೇಕು. ಮರುದಿನ ಬೆಳಗ್ಗೆ ಬಿಸಿಲು ಬಲಿಯುವುದರೊಳಗೆ ಗಂಡು ಗಿಡದ ಹೂ ತಂದು ಅದೇ ಹೂವಿನ ತುದಿಗೆ ಒಂದೊಂದಾಗಿ ಉಜ್ಜಬೇಕು. ಒಂದು ಎಕರೆಯಲ್ಲಿ ಹೀಗೆ ಲೆಕ್ಕವಿಲ್ಲದಷ್ಟು ಹೂಗಳು. ಎರಡು ಮೂರು ತಿಂಗಳು, ದಿನ ತಪ್ಪದೆ. ಸಣ್ಣ ಬೆರಳು, ಗಿಡದೆತ್ತರದ ಮೈ, ಕಡಿಮೆ ಕೂಲಿ ಎಂಬ ಕಾರಣಕ್ಕೆ ಹುಡುಗಿಯರನ್ನು ಈ ಕೆಲಸಕ್ಕೆ ಕರೆಯುತ್ತ ಬಂದದ್ದು ಬೀಜೋತ್ಪಾದನೆಯ ಪ್ರದೇಶಗಳಲ್ಲೆಲ್ಲ ದಾಖಲಾದ ಸಂಗತಿ. ತಂದೆ ಮುಂಗಡ ತೆಗೆದುಕೊಂಡಿದ್ದರೆ ಮಗಳು ಹೊಲದಲ್ಲಿರುತ್ತಾಳೆ, ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ ಶಾಲೆಯ ವೇಳೆ ಮುಗಿದ ಮೇಲೆ ಮನೆಯ ಕೆಲಸದಲ್ಲಿ ಮಕ್ಕಳು ನೆರವಾಗಬಹುದು ಎಂದಿತು. ಹೊಲ ಮನೆಯದೇ ಆದರೆ, ಮೊಗ್ಗು ಬಿಡಿಸುವುದು ಸಂಜೆಯೇ ಆದರೆ, ಕಾನೂನಿಗೆ ಹಿಡಿಯುವುದೇನು?

ಬ್ಯಾಡಗಿಯದು ಬೇರೆ ಕೆಲಸ, ಅದೇ ಲೆಕ್ಕ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು. ಅದರ ಕಡುಗೆಂಪು ಸತ್ವ ಅಡುಗೆಮನೆಗೂ ಹೋಗುತ್ತದೆ, ಲಿಪ್‌ಸ್ಟಿಕ್ಕಿನ ಕಾರ್ಖಾನೆಗೂ ಹೋಗುತ್ತದೆ. ಸಾಲು ಗೋದಾಮುಗಳಲ್ಲಿ ಹೆಂಗಸರು ರಾಶಿಯ ಮುಂದೆ ಕೂತು ಕಾಯಿಯ ತೊಟ್ಟು ಬಿಡಿಸುತ್ತಾರೆ, ಬಿಳಿಚಿದ್ದನ್ನು ಆರಿಸಿ ಬೇರೆ ಹಾಕುತ್ತಾರೆ. ಸೆರಗು ಮೂಗಿಗೆ ಕಟ್ಟಿದ್ದರೂ ಘಾಟು ಬಿಡದು, ಅಂಗೈ ರಾತ್ರಿಯವರೆಗೂ ಉರಿಯುತ್ತದೆ. ಕೂಲಿ ತೂಕದ ಮೇಲೆ. ಇನ್ನು ದರ ಬಿದ್ದರೆ ಬಿಸಿ ತಟ್ಟುವುದು ಎಲ್ಲರಿಗೂ ಒಟ್ಟಿಗೇ. 2024ರ ಮಾರ್ಚ್ 11ರಂದು ದರ ಕುಸಿದದ್ದಕ್ಕೆ ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಸತ್ತರು. ತಾಂಡಾಗಳ ಕುಟುಂಬಗಳು ಸುಗ್ಗಿ ಮುಗಿದೊಡನೆ ಮಕ್ಕಳನ್ನು ಕಟ್ಟಿಕೊಂಡು ಗೋವಾ, ಮಂಗಳೂರು, ಕಾಫಿ ಸೀಮೆಗಳಿಗೆ ಗುಳೆ ಹೋಗುತ್ತವೆ.

ಇವುಗಳಲ್ಲಿ ಯಾವ ಕಾರಣವೂ ಒಂದು ಮಗುವಿನದಲ್ಲ. ದರ, ಗೊಬ್ಬರ, ಮುಂಗಡ, ಗುಳೆ ಎಲ್ಲವೂ ಊರಿಗೆ ಊರೇ ಅನುಭವಿಸುವಂಥವು. ಪ್ರಾಯೋಜಕತ್ವ ಊರಿನೊಳಗಿಂದ ಒಂದು ಮುಖವನ್ನು ಎತ್ತಿಕೊಂಡು ಉಳಿದದ್ದನ್ನು ಕತ್ತರಿಸುತ್ತದೆ. ದಾನಿಗೆ ಬರುವ ಕಾಗದದಲ್ಲಿ ಮಗುವಿನ ಮೆಚ್ಚಿನ ಆಟ, ಮೆಚ್ಚಿನ ವಿಷಯ, ಮನೆಯಲ್ಲಿರುವವರ ಸಂಖ್ಯೆ ಇರುತ್ತವೆ. ತೊಟ್ಟು ಬಿಡಿಸುವ ಕೂಲಿ ಎಷ್ಟು, ಅದನ್ನು ನಿಗದಿ ಮಾಡಿದವರು ಯಾರು, ಬೀಜದ ಕಂಪನಿ ಯಾವ ದೇಶದ್ದು ಎಂಬುದು ಇರುವುದಿಲ್ಲ. ಇದ್ದರೆ ದಾನಿ ತನ್ನ ಊರಿನ ಅಂಗಡಿಯ ಕಡೆಗೂ ನೋಡಬೇಕಾದೀತು. ಹೈಬ್ರಿಡ್ ಬೀಜದ ವ್ಯಾಪಾರದ ದೊಡ್ಡ ಕಂಪನಿಗಳಲ್ಲಿ ಹಲವು ಪ್ರಾಯೋಜಕರ ದೇಶಗಳವೇ.

ಊರೊಳಗೆ ಈ ಪದ್ಧತಿ ಮಾಡುವ ಕೆಲಸ ಇನ್ನೂ ಹತ್ತಿರದ್ದು. ಒಂದು ಮನೆಯಿಂದ ಎಷ್ಟು ಮಕ್ಕಳು ಎಂಬುದಕ್ಕೆ ಮಿತಿ ಇರುತ್ತದೆ. ಅಕ್ಕನಿಗೆ ಚೀಲ, ತಮ್ಮನಿಗೆ ಇಲ್ಲ. ಕ್ರಿಸ್ಮಸ್ಸಿಗೆ ಒಂದು ಮಗುವಿಗೆ ಹೊಸ ಬಟ್ಟೆ ಬಂದರೆ ಪಕ್ಕದ ಮನೆಯ ಮಗು ಬಾಗಿಲಲ್ಲಿ ನಿಂತು ನೋಡುತ್ತದೆ. ಆರು ವರ್ಷದ ನಗುಮುಖಕ್ಕೆ ಬೇಗ ಸ್ಪಾನ್ಸರ್ ಸಿಗುತ್ತದೆ. ಹನ್ನೆರಡು ದಾಟಿದ, ಅಂದರೆ ಕ್ರಾಸಿಂಗ್ ಕೆಲಸಕ್ಕೆ ಸರಿಯಾಗಿ ಒದಗುವ, ಶಾಲೆ ಬಿಡುವ ಅಂಚಿನಲ್ಲಿರುವ ಹುಡುಗಿಗೆ ಸಿಗುವುದು ಕಷ್ಟ. ನೆರವು ಬೇಕಾದವರಿಗೂ ಮನಸ್ಸು ಸೆಳೆಯುವವರಿಗೂ ಇರುವ ಅಂತರ ಇದು. ಆಯ್ಕೆ ದಾನಿಯ ಕೈಯಲ್ಲಿರುವವರೆಗೆ ಅದು ಮುಚ್ಚುವುದಿಲ್ಲ. ಈ ಮುಜುಗರ ಸಂಸ್ಥೆಗಳಿಗೂ ತಟ್ಟಿದೆ. 2019ರಲ್ಲಿ ವರ್ಲ್ಡ್ ವಿಷನ್ ವ್ಯವಸ್ಥೆಯನ್ನು ತಿರುಗಿಸಿ, ದಾನಿಗಳ ಫೋಟೊಗಳನ್ನು ಹಗ್ಗಕ್ಕೆ ತೂಗುಹಾಕಿ ಮಕ್ಕಳೇ ತಮ್ಮ ಪ್ರಾಯೋಜಕರನ್ನು ಆರಿಸಿಕೊಳ್ಳಲಿ ಎಂದಿತು. ಮಗುವನ್ನು ಪಟ್ಟಿಯಿಂದ ಆರಿಸುವುದರಲ್ಲಿ ಏನೋ ಸರಿಯಿಲ್ಲ ಎಂದು ಇದಕ್ಕಿಂತ ಸ್ಪಷ್ಟವಾಗಿ ಒಪ್ಪಿಕೊಳ್ಳುವುದು ಹೇಗೆ?

ಪತ್ರಗಳ ವಿಷಯವೂ ಇದೇ ಜಾತಿಯದು. ಪ್ರಾಯೋಜಕತ್ವದ ಜೀವಾಳವೇ ಪತ್ರ ಎನ್ನಲಾಗುತ್ತದೆ. ಮಗು ಅಚ್ಚಾದ ನಮೂನೆಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತದೆ, ಒಂದು ಹೂವೋ ಮನೆಯೋ ಚಿತ್ರ ಬಿಡಿಸುತ್ತದೆ. ಸಿಬ್ಬಂದಿ ಅದನ್ನು ಇಂಗ್ಲಿಷಿಗೆ ಮಾಡುತ್ತಾರೆ. ಮೇಲಿನ ಕಚೇರಿ ತಪಾಸಣೆ ಮಾಡುತ್ತದೆ. ಬರೆಯಬೇಕಾದದ್ದು ಏನೆಂದು ಮಗುವಿಗೆ ಗೊತ್ತು: ಚೆನ್ನಾಗಿದ್ದೇನೆ, ಓದುತ್ತಿದ್ದೇನೆ, ನಿಮಗಾಗಿ ಪ್ರಾರ್ಥಿಸುತ್ತೇನೆ, ವಂದನೆಗಳು. ಊರಿನಲ್ಲಿ ಮಳೆಯಿಲ್ಲದ್ದು, ಅಪ್ಪನ ಸಾಲ, ವಾರ್ಡನ್ನಿನ ಹೊಡೆತ ಆ ನಾಲ್ಕು ಸಾಲಿನೊಳಗೆ ಬರುವುದಿಲ್ಲ. 1998ರಲ್ಲಿ ಅಮೆರಿಕದ ಶಿಕಾಗೊ ಟ್ರಿಬ್ಯೂನ್ ಪತ್ರಿಕೆ ತನ್ನ ಸಿಬ್ಬಂದಿಯಿಂದಲೇ ಮಕ್ಕಳನ್ನು ಪ್ರಾಯೋಜಿಸಿ, ಆಮೇಲೆ ಆ ಮಕ್ಕಳನ್ನು ಹುಡುಕಿಕೊಂಡು ಹೋಗಿ ವರದಿ ಮಾಡಿತು. ಮಾಲಿ ದೇಶದಲ್ಲಿ ಸತ್ತುಹೋದ ಹುಡುಗಿಯ ಹೆಸರಿನಲ್ಲಿ ದಾನಿಗೆ ವರ್ತಮಾನ ಬರುತ್ತಲೇ ಇತ್ತು. ಅದಕ್ಕೂ ಮೊದಲೇ, 1982ರ ಮೇ ತಿಂಗಳಲ್ಲಿ, ಬ್ರಿಟನ್ನಿನ ನ್ಯೂ ಇಂಟರ್‌ನ್ಯಾಷನಲಿಸ್ಟ್ ಪತ್ರಿಕೆ ಇಡೀ ಸಂಚಿಕೆಯನ್ನೇ ಈ ಪದ್ಧತಿಯ ವಿರುದ್ಧ ಮೀಸಲಿಟ್ಟಿತ್ತು. ಆ ಟೀಕೆಗಳ ನಂತರ ಹಲವು ದೊಡ್ಡ ಸಂಸ್ಥೆಗಳು ಹಣವನ್ನು ಒಟ್ಟುಗೂಡಿಸಿ ಊರಿನ ನೀರು, ಶಾಲೆ, ಸಂಘಗಳಿಗೆ ಖರ್ಚು ಮಾಡತೊಡಗಿದವು. ಒಳ್ಳೆಯದೇ. ಆದರೆ ಮುಖಪುಟದ ಮೇಲೆ ಅದೇ ಒಂಟಿ ಮಗು ಉಳಿಯಿತು. ಕೆಲಸ ಸಮುದಾಯದ್ದು, ಜಾಹೀರಾತು ಮಗುವಿನದು ಎಂದಾದ ಮೇಲೆ ಇದನ್ನು ಚಂದಾ ಎತ್ತುವ ತಂತ್ರ ಎನ್ನಬೇಕು. ವಿಶ್ವಾಸದ ಅಭಿವ್ಯಕ್ತಿ ಎಂದರೆ ವಿಶ್ವಾಸಕ್ಕೇ ಅವಮಾನ.

ಕ್ರೈಸ್ತ ಧರ್ಮಗ್ರಂಥದ ಆಧಾರ ಕೊಡುವವರು ಸಾಮಾನ್ಯವಾಗಿ ಎರಡು ಜಾಗಕ್ಕೆ ಹೋಗುತ್ತಾರೆ: ಅನಾಥರನ್ನೂ ವಿಧವೆಯರನ್ನೂ ನೋಡಿಕೊಳ್ಳಬೇಕೆಂಬ ಯಾಕೋಬನ ಪತ್ರ, ಅಲ್ಪರಾದವರಿಗೆ ಮಾಡಿದ್ದು ತನಗೇ ಮಾಡಿದ್ದು ಎಂದು ಯೇಸು ಹೇಳುವ ಮತ್ತಾಯನ 25ನೇ ಅಧ್ಯಾಯ. ಎರಡನ್ನೂ ಒಪ್ಪೋಣ. ಯಾಕೋಬ ಅನಾಥರ ಜೊತೆಗೇ ವಿಧವೆಯರನ್ನು ಹೇಳಿದ್ದಾನೆ. ಫೋಟೊದಲ್ಲಿ ಆ ವಿಧವೆ ಎಲ್ಲಿ? ಮತ್ತಾಯನ ಅಧ್ಯಾಯದಲ್ಲಿ ಕೊಟ್ಟವರಿಗೆ ತಾವು ಯಾರಿಗೆ ಕೊಟ್ಟೆವೆಂದೇ ಗೊತ್ತಿರುವುದಿಲ್ಲ. ಅದೇ ಸುವಾರ್ತೆಯ 6ನೇ ಅಧ್ಯಾಯ ದಾನ ಗುಟ್ಟಾಗಿರಬೇಕು ಎನ್ನುತ್ತದೆ. ಲೂಕನ 14ನೇ ಅಧ್ಯಾಯದಲ್ಲಿ, ತಿರುಗಿ ಕೊಡಲಾರದವರನ್ನೇ ಊಟಕ್ಕೆ ಕರೆಯಬೇಕೆಂಬ ಮಾತಿದೆ. ವರ್ಷಕ್ಕಿಷ್ಟು ವಂದನಾಪತ್ರ, ವರ್ಷಕ್ಕೊಂದು ಹೊಸ ಫೋಟೊ ಎಂದಾದರೆ ಮಗು ತಿರುಗಿ ಕೊಡುತ್ತಲೇ ಇದೆ.

ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ಈ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ್ದು, ಪ್ರಾಯೋಜಕತ್ವದ ಪ್ರಸಂಗಗಳಲ್ಲಿ ಅದರ ಹೆಸರು ಬರುವುದೇ ಅಪರೂಪ. ಜೆರುಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಿನ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿಲ್ಲ ಎಂಬ ಗೊಣಗಾಟ ಎದ್ದಿತು. ಅಪೊಸ್ತಲರು ಒಬ್ಬೊಬ್ಬ ವಿಧವೆಗೆ ಒಬ್ಬೊಬ್ಬ ಸಿರಿವಂತನನ್ನು ಗೊತ್ತುಮಾಡಲಿಲ್ಲ. ಏಳು ಜನರನ್ನು ನೇಮಿಸಿ ಹಂಚಿಕೆಯನ್ನೇ ಸರಿಪಡಿಸಿದರು. ಅದಕ್ಕೂ ಹಿಂದೆ, 4ನೇ ಅಧ್ಯಾಯದಲ್ಲಿ, ಹೊಲ ಮಾರಿದ ಹಣ ಎಲ್ಲರದೂ ಒಂದೇ ಕಡೆ ಸೇರಿ ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ. ಪೌಲ ಕೊರಿಂಥದವರಿಂದ ಎತ್ತಿದ ಚಂದಾ ಸಭೆಯಿಂದ ಸಭೆಗೆ ಹೋದದ್ದು. ಹಳೆಯ ಒಡಂಬಡಿಕೆಯಂತೂ ಹೊಲದ ಅಂಚನ್ನು ಕೊಯ್ಯದೆ ಬಿಡಬೇಕು, ಬಿದ್ದ ತೆನೆ ಬಡವರ ಪಾಲು ಎಂದು ಕಟ್ಟಳೆ ಮಾಡಿತು. ಹಕ್ಕಲು ಆರಿಸುವುದು ಹಾವೇರಿ ಸೀಮೆಗೆ ಹೇಳಿಕೊಡಬೇಕಾದ ವಿಷಯವೇನಲ್ಲ. ಶೇಂಗಾ ಕಿತ್ತ ಹೊಲಕ್ಕೆ, ಹತ್ತಿ ಬಿಡಿಸಿದ ಹೊಲಕ್ಕೆ ಇಳಿಯುವ ಹೆಂಗಸರು ಯಾರಿಗೂ ವಂದನಾಪತ್ರ ಬರೆಯುವುದಿಲ್ಲ. ಅದು ಅವರ ಹಕ್ಕು, ಹೊಲದವನಿಗೆ ಅವರ ಹೆಸರು ಬೇಕಿಲ್ಲ.

ಈ ಸೀಮೆಯ ಮಠಗಳೂ ಅದೇ ದಾರಿಯಲ್ಲಿ ನಡೆದವು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿ ಹತ್ತಿರ ಶಿವಯೋಗಮಂದಿರ ಕಟ್ಟಿದರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳ ಆಶ್ರಮ ಗದುಗಿನಲ್ಲಿ ಅಂಧ, ಅನಾಥ ಮಕ್ಕಳಿಗೆ ಸಂಗೀತ ಕಲಿಸಿತು. ಇಂಥ ಪ್ರಸಾದ ನಿಲಯಗಳು ನಡೆದದ್ದು ಜೋಳಿಗೆಯಿಂದ. ಜೋಳಿಗೆಗೆ ಬಿದ್ದ ಜೋಳ ಯಾವ ಮನೆಯದು, ಯಾವ ಹುಡುಗನ ರೊಟ್ಟಿಯಾಯಿತು ಎಂಬ ಲೆಕ್ಕ ಯಾರೂ ಇಡಲಿಲ್ಲ. ಮಠಗಳಲ್ಲಿ ಜಾತಿಯ ಪಂಕ್ತಿ ಇರಲಿಲ್ಲ ಎಂದೇನೂ ಇದರ ಅರ್ಥವಲ್ಲ. ಅದು ಇನ್ನೊಂದೇ ಲೇಖನದ ವಿಷಯ. ಆದರೆ ಉಂಡ ಹುಡುಗ ದಾನಿಯ ಮುಂದೆ ಕೈಮುಗಿದು ನಿಲ್ಲಬೇಕಾಗಿರಲಿಲ್ಲ.

ಎದುರುವಾದಗಳಲ್ಲಿ ಗಟ್ಟಿಯಾದದ್ದು ಒಂದಿದೆ, ಅದನ್ನು ತಳ್ಳಿಹಾಕಲಾಗದು. ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಭಾರತವೂ ಸೇರಿ ಆರು ದೇಶಗಳಲ್ಲಿ ಕಂಪ್ಯಾಶನ್ ನೆರವು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿತು. 10,144 ಜನರ ಮಾಹಿತಿ. ನೆರವು ಪಡೆದ ಮಕ್ಕಳು 1.03ರಿಂದ 1.46 ವರ್ಷ ಹೆಚ್ಚು ಓದಿದರು. ಪ್ರೌಢಶಾಲೆ ಮುಗಿಸುವ ಸಾಧ್ಯತೆಯೂ ಏರಿತು. ಒಂದು ವರ್ಷದ ಓದು ಎಂದರೆ ಕಡಿಮೆಯಲ್ಲ. ಆದರೆ ಕೆಲಸ ಮಾಡಿದ್ದು ಯಾವುದು? ಆ ಮಕ್ಕಳಿಗೆ ಶಾಲಾ ಶುಲ್ಕ, ಸಮವಸ್ತ್ರ, ಊಟ, ವೈದ್ಯಕೀಯ ತಪಾಸಣೆ ಸಿಕ್ಕಿತ್ತು. ಶಾಲೆಯ ನಂತರ ವಾರಕ್ಕೆ ಹಲವು ಗಂಟೆ ಹತ್ತಿರದ ಚರ್ಚಿನಲ್ಲಿ ಪಾಠ ಹೇಳಿಕೊಡುವವರಿದ್ದರು. ಇವುಗಳಲ್ಲಿ ಯಾವುದಕ್ಕೂ ಅಮೆರಿಕದ ಕೊಲೊರಾಡೊದಲ್ಲೊಬ್ಬ ಹೆಸರುಳ್ಳ ಪೋಷಕ ಬೇಕಿಲ್ಲ. ಇನ್ನೊಂದು ಸಂಗತಿ ಆ ಅಧ್ಯಯನದ ವಿಧಾನದಲ್ಲೇ ಇದೆ. ಯೋಜನೆ ಊರಿಗೆ ಬಂದಾಗ 12 ವರ್ಷ ದಾಟಿದ್ದವರಿಗೆ ಸೇರುವ ಅರ್ಹತೆ ಇರಲಿಲ್ಲ. ಆದ್ದರಿಂದ ಅದೇ ಮನೆಯ ನೆರವು ಸಿಗದ ಅಣ್ಣ-ಅಕ್ಕಂದಿರ ಜೊತೆ ಹೋಲಿಕೆ ಸಾಧ್ಯವಾಯಿತು. ಪ್ರಾಯೋಜಕತ್ವದ ಪರವಾದ ಅತ್ಯುತ್ತಮ ಪುರಾವೆ ಸಿಕ್ಕಿರುವುದು ಅದು ಹೊರಗೆ ನಿಲ್ಲಿಸಿದ ಮಕ್ಕಳಿಂದ.

ಮುಖ ಕಂಡರೆ ಹೆಚ್ಚು ಕೊಡುತ್ತಾರೆ ಎಂಬ ವಾದವೂ ನಿಜವೇ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಾಲಿಯ ರೊಕಿಯಾ ಎಂಬ ಏಳು ವರ್ಷದ ಹುಡುಗಿಯ ಚಿತ್ರ ನೋಡಿದವರು, ಲಕ್ಷಾಂತರ ಜನರ ಹಸಿವಿನ ಅಂಕಿಸಂಖ್ಯೆ ಓದಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕೊಟ್ಟರು. ಅಂಕಿಸಂಖ್ಯೆಯನ್ನೂ ಜೊತೆಗೆ ತೋರಿಸಿದರೆ ರೊಕಿಯಾಗೆ ಬರುವ ಹಣ ಕಡಿಮೆಯಾಯಿತು. ಮನುಷ್ಯನ ಮನಸ್ಸಿನ ಈ ದೌರ್ಬಲ್ಯವನ್ನು ಜಾಹೀರಾತಿನವರು ಬಳಸಿಕೊಳ್ಳಲಿ. ಸಭೆಯ ಕೆಲಸ ಅದನ್ನು ತಿದ್ದುವುದು.

ಕರ್ನಾಟಕದಲ್ಲಿ ಪ್ರಾಯೋಜಕತ್ವದ ಮೇಲೆ ಹೆಚ್ಚಾಗಿ ಕೇಳಿಬರುವ ಆರೋಪ ಬೇರೆ: ಅದು ಮತಾಂತರದ ಆಮಿಷ ಎಂಬುದು. ಇಲ್ಲಿಯ ಖಂಡನೆಗೂ ಆ ಆರೋಪಕ್ಕೂ ಸಂಬಂಧವಿಲ್ಲ. 2022ರ ರಾಜ್ಯದ ಮತಾಂತರ ತಡೆ ಕಾಯ್ದೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಆ ಅಳತೆಯಿಂದ ಅಳೆದರೆ ಅನ್ನ-ಅಕ್ಷರ ಕೊಟ್ಟ ಯಾವ ಮಠ ಉಳಿದೀತು? ಸಿಟ್ಟಾಗಬೇಕಾದದ್ದು ಬೇರೆ ಕಾರಣಕ್ಕೆ. 1968ರಿಂದ ಭಾರತದಲ್ಲಿದ್ದ ಕಂಪ್ಯಾಶನ್, ವಿದೇಶಿ ಹಣ ತರಲು ಮೊದಲೇ ಅನುಮತಿ ಪಡೆಯಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಹೇಳಿದ ಮೇಲೆ, 2017ರ ಮಾರ್ಚ್ 15ಕ್ಕೆ ಬಾಗಿಲು ಮುಚ್ಚಿತು. ಅದರ ಹಣ ಮತಾಂತರಕ್ಕೆ ಹೋಗುತ್ತಿದೆ ಎಂಬುದು ಸರ್ಕಾರದ ಆಕ್ಷೇಪ. ಸಂಸ್ಥೆ ಅದನ್ನು ಒಪ್ಪಲಿಲ್ಲ. ನಡುವೆ 1.45 ಲಕ್ಷಕ್ಕೂ ಹೆಚ್ಚು ಮಕ್ಕಳ ನೆರವು ನಿಂತಿತು. ವಿದೇಶಿ ದೇಣಿಗೆ ಕಾಯ್ದೆಗೆ 2020ರ ಸೆಪ್ಟೆಂಬರಿನಲ್ಲಿ ಬಂದ ತಿದ್ದುಪಡಿ ಅಂಥ ದೇಣಿಗೆ ಪಡೆದ ದೊಡ್ಡ ಸಂಸ್ಥೆ ಅದನ್ನು ಸಣ್ಣ ಸಂಸ್ಥೆಗಳಿಗೆ ಹಂಚುವುದನ್ನೇ ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. 2024ರಲ್ಲಿ ಅದೇ ಕಾಯ್ದೆಯಡಿ ವರ್ಲ್ಡ್ ವಿಷನ್ ಇಂಡಿಯಾದ ನೋಂದಣಿಯೂ ರದ್ದಾಯಿತು. ಈ ಕ್ರಮಗಳ ನ್ಯಾಯಾನ್ಯಾಯ ಏನೇ ಇರಲಿ, ಸಾವಿರಾರು ಮೈಲಿ ದೂರದ ಒಬ್ಬ ವ್ಯಕ್ತಿಯ ಮನಸ್ಸಿಗೂ ದೆಹಲಿಯ ಒಂದು ಕಡತಕ್ಕೂ ಮಗುವಿನ ಓದನ್ನು ನೇತುಹಾಕಿದ ವ್ಯವಸ್ಥೆ ಎಷ್ಟು ದುರ್ಬಲ ಎಂದು ಅವು ತೋರಿಸಿಕೊಟ್ಟವು. ಆ ಐದು ದಶಕಗಳಲ್ಲಿ ಊರುಗಳೊಳಗೆ ಸಂಘ, ನಿಧಿ, ಹಕ್ಕಿನ ಅರಿವು ಬೆಳೆದಿದ್ದರೆ ಹಣ ನಿಂತ ಮೇಲೂ ಏನಾದರೂ ನಿಲ್ಲುತ್ತಿತ್ತು. ಕಿಂಡರ್‌ನೋಟ್‌ಹಿಲ್ಫೆ ತಡವಾಗಿಯಾದರೂ ಇದನ್ನು ಕಂಡುಕೊಂಡು ಹೆಂಗಸರ ಸ್ವಸಹಾಯ ಸಂಘಗಳತ್ತ ತಿರುಗಿತು.

ಹೊರಗಿನ ಹಣವನ್ನೇ ಬೇರೆ ರೀತಿಯಲ್ಲಿ ಬಳಸಿದ ಉದಾಹರಣೆಗೆ ದೂರ ಹೋಗಬೇಕಿಲ್ಲ. 1974ರಲ್ಲಿ ಶಿಕಾಗೊದಲ್ಲಿ ಅಲ್ಲಿಯ ಭಾರತೀಯರು ಕಟ್ಟಿದ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ 1979ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ಕೆಲಸ ಶುರುಮಾಡಿತು. ಎಸ್. ಆರ್. ಹಿರೇಮಠ ಮತ್ತು ಮೇವಿಸ್ ಹಿರೇಮಠ ಅಮೆರಿಕ ಬಿಟ್ಟು ಅಲ್ಲಿಗೆ ಬಂದರು. ಅಲ್ಲಿ ಮಗುವಿಗೊಬ್ಬ ಪೋಷಕನನ್ನು ಹುಡುಕುವ ಬದಲು ಬಡವರನ್ನು ಸಂಘಟಿಸುವ ದಾರಿ ಹಿಡಿದರು. ಅದೇ ತಾಲ್ಲೂಕಿನ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿಂದ ತುಂಗಭದ್ರೆ ಕೆಟ್ಟಾಗ, 1984ರಲ್ಲಿ ಸರ್ಕಾರ ಅದೇ ಕಂಪನಿಯೊಡನೆ ಸೇರಿ 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಯಲು ಹೊರಟಾಗ, ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎದುರು ನಿಂತಿತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಊರಿಗೆ ಉಪಯೋಗದ ಗಿಡ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. ಅಂದು ಮಕ್ಕಳ ದಿನಾಚರಣೆ. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು. ದನಕ್ಕೆ ಮೇವು, ಒಲೆಗೆ ಕಟ್ಟಿಗೆ ಉಳಿಯಿತೆಂದರೆ ಮೇವು-ಕಟ್ಟಿಗೆಗೆ ಅಲೆಯುವ ಮಕ್ಕಳ ದಿನವೂ ಉಳಿಯಿತು. ಯಾವ ಮಗುವಿನ ದಿನ ಎಂದು ಫೋಟೊ ತೆಗೆದು ತೋರಿಸಲು ಮಾತ್ರ ಬರುವುದಿಲ್ಲ.

ಇಂದು ಸರ್ಕಾರದ್ದೇ ಒಂದು ಪ್ರಾಯೋಜಕತ್ವ ಯೋಜನೆ ಇದೆ. 2015ರ ಬಾಲನ್ಯಾಯ ಕಾಯ್ದೆಯ 45ನೇ ಕಲಮು, ಕೇಂದ್ರದ ಮಿಷನ್ ವಾತ್ಸಲ್ಯ ಇದರ ಆಧಾರ. ತಂದೆಯಿಲ್ಲದ, ತಾಯಿ ವಿಧವೆಯೋ ಪರಿತ್ಯಕ್ತೆಯೋ ಆದ, ತಂದೆ-ತಾಯಿ ದೊಡ್ಡ ರೋಗಕ್ಕೆ ಸಿಕ್ಕ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಮಗು ಮನೆಯಲ್ಲೇ ಉಳಿಯಬೇಕು ಎಂಬುದು ಅದರ ಉದ್ದೇಶ. ವಂದನಾಪತ್ರ ಇಲ್ಲ. ಅದೇ ಕಾಯ್ದೆಯ 74ನೇ ಕಲಮು ಪೋಷಣೆ-ರಕ್ಷಣೆ ಬೇಕಾದ ಮಗುವಿನ ಹೆಸರು, ಶಾಲೆ, ಚಿತ್ರಗಳನ್ನು ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನೇ ನಿಷೇಧಿಸುತ್ತದೆ. ಕಾನೂನು ಮುಚ್ಚಿಡಬೇಕೆಂದು ಬಗೆದದ್ದನ್ನು ದಾನದ ಹೆಸರಿನಲ್ಲಿ ಪಟ್ಟಿ ಮಾಡಿ ತೋರಿಸುವುದು ಭಕ್ತಿಯ ಲಕ್ಷಣವಾಗುವುದು ಹೇಗೆ?

ಸರ್ಕಾರಿ ಯೋಜನೆಗೆ ಅದರದೇ ಕೊರತೆಗಳಿವೆ: ಹಣ ತಡವಾಗುತ್ತದೆ, ಯೋಜನೆ ಇರುವುದೇ ಅರ್ಹರಲ್ಲಿ ಹಲವರಿಗೆ ಗೊತ್ತಿರುವುದಿಲ್ಲ. ಸಭೆಗಳ ಕೆಲಸ ಇರುವುದು ಅಲ್ಲೇ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಚರ್ಚುಗಳು ಚಿಕ್ಕವು, ಆದರೆ ಅವುಗಳಲ್ಲಿ ಓದಿದವರಿದ್ದಾರೆ. ಮಾಸ್ತರರು, ನರ್ಸುಗಳು, ನಿವೃತ್ತ ಗುಮಾಸ್ತರು ಇದ್ದಾರೆ. ಸೂಚನಾಫಲಕಗಳಿಂದ ಮಕ್ಕಳ ಫೋಟೊ ತೆಗೆಯಬೇಕು. ವಿದೇಶದ ಸ್ನೇಹಿತ ಸಭೆ ಕಳಿಸುವ ಹಣ ಬೋರ್ಡಿಂಗಿನ ಒಂದೇ ಅಡುಗೆಮನೆಗೆ, ಒಂದೇ ಸಂಜೆ ಪಾಠಶಾಲೆಗೆ ಹೋಗಬೇಕು, ಅದಕ್ಕೆ ಊರಿನ ಎಲ್ಲ ಜಾತಿ-ಮತದ ಮಕ್ಕಳೂ ಬರಬೇಕು. ಲೆಕ್ಕವನ್ನು ದಾನಿಗೆ ಕಳಿಸುವ ಮೊದಲು ಪಾಲಕರ ಮುಂದೆ ಓದಬೇಕು. ಕ್ರಾಸಿಂಗ್ ನಡೆಯುವ ಆಗಸ್ಟಿನಿಂದ ಅಕ್ಟೋಬರಿನವರೆಗೆ ಯಾವ ಹುಡುಗಿ ತರಗತಿಯಲ್ಲಿಲ್ಲ ಎಂದು ಶಾಲೆಗೆ ಹೋಗಿ ಕೇಳಬೇಕು. ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕೇ. ಮೆಣಸಿನಕಾಯಿ ಗೋದಾಮಿನ ಕೂಲಿಯ ಮಾತನ್ನು ಎಪಿಎಂಸಿಯವರೆಗೆ ಒಯ್ಯಬೇಕು. ತೊಟ್ಟು ಬಿಡಿಸಿ ಬಂದ ವಿಧವೆಗೆ ಅರ್ಜಿ ತುಂಬಲು ಬಾರದಿದ್ದರೆ ಪಕ್ಕದಲ್ಲಿ ಕೂತು ತುಂಬಿಕೊಟ್ಟು, ರೇಷನ್ ಕಾರ್ಡು, ಮರಣ ಪ್ರಮಾಣಪತ್ರ, ಪಾಸ್‌ಬುಕ್ಕಿನ ನಕಲು ಹಚ್ಚಿ, ಹಾವೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೆಗೆ ಆಕೆಯ ಜೊತೆ ಹೋಗಿ ಬರಲಿ. ಬಸ್ ಚಾರ್ಜು ಹುಂಡಿಯಿಂದ ಕೊಡಬಹುದು.